ಬೆಂಜ್ ಲಾರಿಯ ಗಂಟಲು

ಬಂಗಾರಪೇಟೆಯ ನಮ್ಮ ಸೋದರಮಾವನ ಹತ್ತಿರ ಒಂದು ಮೂತಿ ಲಾರಿ ಇತ್ತು. ಟಾಟಾ ಮರ್ಸಿಡಿಸ್ ಬೆಂಜ್ 1210. ಈಗಿನವರಿಗೆ ಟಾಟಾ ಬೇರೆ, ಬೆಂಜ್ ಬೇರೆ. ಆಗ ಹಾಗಿರಲಿಲ್ಲ. ಟಾಟಾದವರು 1954ರಲ್ಲಿ ಜರ್ಮನಿಯ ಡೈಮ್ಲರ್ ಬೆಂಜ್ ಜೊತೆ ಕೈಜೋಡಿಸಿ ಜಮ್ಶೆಡ್‌ಪುರದಲ್ಲಿ ಲಾರಿ ಕಟ್ಟಲು ಶುರು ಮಾಡಿದರು. ಆ ಒಪ್ಪಂದ 1969ಕ್ಕೆ ಮುಗಿಯಿತು. ಅಲ್ಲಿಯವರೆಗೆ ಬಂದ ಲಾರಿಗಳ ಮೂತಿಗೆ ಬೆಂಜಿನ ಮೂರು ಕಡ್ಡಿಯ ನಕ್ಷತ್ರ. ಮಾವನ ಲಾರಿಗೂ ಇತ್ತು, ಒಂದು ಕಡ್ಡಿ ಮುರಿದುಹೋಗಿತ್ತು ಅಷ್ಟೆ. ಯಾರಾದರೂ ಟಾಟಾ ಲಾರಿ ಅಂದರೆ ಮಾವ ಅಲ್ಲೇ ತಡೆದು, "ಬೆಂಜ್ ಅನ್ನಪ್ಪಾ" ಅಂತ ತಿದ್ದುತ್ತಿದ್ದ.

ನೀಲಗಿರಿ ಮರ, ಇಟ್ಟಿಗೆ, ಶ್ರೀನಿವಾಸಪುರದ ಮಾವಿನಹಣ್ಣು, ಎಲ್ಲ ಹೊತ್ತು ಮುಗಿಸಿದ ಮೇಲೆ ಅದು ಬೆನ್ನಿಗೆ ಟ್ಯಾಂಕು ಕಟ್ಟಿಸಿಕೊಂಡು ಕೆಜಿಎಫ್‌ಗೆ ನೀರು ಹೊರಲು ನಿಂತಿತು. ನಾನು ಹೇಳುತ್ತಿರುವುದು 2002ರ ಬೇಸಿಗೆಯ ಮಾತು. ಡಿಗ್ರಿ ಮುಗಿದಿತ್ತು, ಕೆಲಸ ಸಿಕ್ಕಿರಲಿಲ್ಲ. ಮಾವನ ಲೆಕ್ಕದ ಪುಸ್ತಕ ನೋಡಿಕೊಳ್ಳುತ್ತಿದ್ದೆ, ಕ್ಲೀನರ್ ಕೈಕೊಟ್ಟ ದಿನ ನಾನೇ ಕ್ಲೀನರ್.

ಹಿಂದಿನ ವರ್ಷವಷ್ಟೇ, 2001ರ ಫೆಬ್ರವರಿ 28ಕ್ಕೆ, ಚಿನ್ನದ ಗಣಿ ಮುಚ್ಚಿತ್ತು. ಜಾನ್ ಟೇಲರ್ ಕಂಪನಿ 1880ರಲ್ಲಿ ಕೈಹಾಕಿದ ನೆಲ ಅದು. ಚಾಂಪಿಯನ್ ರೀಫ್ ಕಡೆ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದರು. ಪಾಳಿಗೆ ಪಾಳಿಗೆ ಕೂಗುತ್ತಿದ್ದ ಸಂಗು ನಿಂತ ಮೇಲೆ ಊರಿಗೆ ಊಟದ ಹೊತ್ತೇ ತಪ್ಪಿಹೋಗಿತ್ತು. ಗಟ್ಟಿಮುಟ್ಟಾದವರು ಮುಂಜಾನೆಯ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗತೊಡಗಿದರು. ವಯಸ್ಸಾದ ಫಿಟ್ಟರು, ಟರ್ನರು, ವೆಲ್ಡರುಗಳು ಮನೆ ಮುಂದೆಯೇ ತಗಡಿನ ಶೆಡ್ ಎಬ್ಬಿಸಿದರು. ನೀರಿನ ತಾಪತ್ರಯ ಮಾತ್ರ ಹಳೆಯದೇ. ಬೇತಮಂಗಲದ ಕೆರೆಯಲ್ಲಿ ನೀರಿದ್ದರೆ ನಲ್ಲಿ, ಇಲ್ಲದಿದ್ದರೆ ಟ್ಯಾಂಕರು. ಆ ವರ್ಷ ಟ್ಯಾಂಕರಿನದೇ ರಾಜ್ಯ.

ಲಾರಿಗೆ ಕಾಯಿಲೆ ಶುರುವಾದದ್ದು ಯುಗಾದಿ ಆದಮೇಲೆ. ನಿಂತಾಗ ಎಂಜಿನ್ ಒಂದೇ ಸಮನೆ ಓಡುತ್ತಿರಲಿಲ್ಲ. ಊಂ ಅಂತ ಏರುವುದು, ಇನ್ನೇನು ನಿಂತೇಹೋಯಿತು ಅನ್ನುವಷ್ಟು ಇಳಿಯುವುದು, ಮತ್ತೆ ಏರುವುದು. ಮೆಕ್ಯಾನಿಕ್ಕುಗಳು ಇದಕ್ಕೆ ಹಂಟಿಂಗ್ ಅನ್ನುತ್ತಾರೆ. ನಮ್ಮ ಡ್ರೈವರ್ ಉಬ್ಬಸ ಅನ್ನುತ್ತಿದ್ದ. ಓಡುವಾಗಲೂ ಕಾಲು ತೆಗೆದರೆ ಗಾಡಿ ತಕ್ಷಣ ತಗ್ಗುತ್ತಿರಲಿಲ್ಲ, ಸ್ವಲ್ಪ ಯೋಚನೆ ಮಾಡಿ ತಗ್ಗುತ್ತಿತ್ತು.

ಡೀಸೆಲ್ ಗಾಡಿ ಏನೇ ತಕರಾರು ತೆಗೆಯಲಿ, ನಮ್ಮ ಕಡೆ ಮೊದಲು ಬೈಸಿಕೊಳ್ಳುವುದು ಪಂಪು. ಆ ಲಾರಿಯ ಪಂಪಿನ ಮೈಮೇಲೆ ಮೈಕೋ ಅಂತ ಬರೆದಿತ್ತು. 1951ರಲ್ಲಿ ಹುಟ್ಟಿ ಆಡುಗೋಡಿಯಲ್ಲಿ ಬೆಳೆದ ಆ ಕಂಪನಿಗೆ ಈಗ ಬಾಷ್ ಅಂತ ಹೆಸರಾಗಿದೆ, ಆದರೂ ಲಾರಿಯವರ ಬಾಯಲ್ಲಿ ಅದು ಇವತ್ತಿಗೂ ಮೈಕೋ ಪಂಪೇ. ಮಾವ ಪಂಪು ಬಿಚ್ಚಿಸಿ ಒಂದು ಪಂಪ್ ರೂಮಿಗೆ ಹೊರಿಸಿದ. ಎಲಿಮೆಂಟು ಬದಲಾಯಿತು, ಡೆಲಿವರಿ ವಾಲ್ವು ಬದಲಾಯಿತು, ಕ್ಯಾಲಿಬ್ರೇಷನ್ ಆಯಿತು, ಸೀಲು ಬಿತ್ತು. ಲಾರಿ ಮಾತ್ರ ಊಂ ಅನ್ನುವುದು ಬಿಡಲಿಲ್ಲ. ಮತ್ತೆ ಹೊತ್ತರು, ಮತ್ತೆ ಬಿಲ್ಲಾಯಿತು. ಆ ಬಿಲ್ಲುಗಳನ್ನು ಪುಸ್ತಕಕ್ಕೆ ಏರಿಸಿದವನು ನಾನೇ. ದುಬಾರಿ ಸಾಮಾನಿನ ಮೇಲೆಯೇ ಎಲ್ಲರಿಗೂ ಅನುಮಾನ ಬರುವುದು ಯಾಕೋ ನನಗೆ ಇನ್ನೂ ಅರ್ಥವಾಗಿಲ್ಲ. ಪಂಪಿನಷ್ಟು ಬೆಲೆಯಿಲ್ಲದ, ಎರಡು ಬೋಲ್ಟಿಗೆ ಕಳಚಿ ಬರುವ ವಸ್ತುವಿನ ಕಡೆ ಅಲ್ಲಿಯವರೆಗೆ ಒಬ್ಬನೂ ತಿರುಗಿ ನೋಡಿರಲಿಲ್ಲ.

ಒಂದು ಮಧ್ಯಾಹ್ನ ಆಂಡರ್‌ಸನ್‌ಪೇಟೆಯ ಒಂದು ಲೈನಿನಲ್ಲಿ ನೀರು ಬಿಡುತ್ತಿದ್ದೆವು. ಕೆಜಿಎಫ್‌ನಲ್ಲಿ ಲೈನು ಅಂದರೆ ಗಣಿ ಕಾರ್ಮಿಕರ ಸಾಲುಮನೆ. ಬಿಂದಿಗೆಗಳು ರಸ್ತೆ ತುಂಬ ಕೂತಿದ್ದವು, ಅವುಗಳ ಹಿಂದೆ ಜನ ತಮಿಳಿನಲ್ಲಿ, ತೆಲುಗಿನಲ್ಲಿ, ಕನ್ನಡದಲ್ಲಿ ಜಗಳ ಆಡುತ್ತಿದ್ದರು. ಸೆಲ್ಫ್ ಮೋಟರ್ ನಂಬುವ ಹಾಗಿರಲಿಲ್ಲವಾದ್ದರಿಂದ ಡ್ರೈವರ್ ಎಂಜಿನ್ ಆಫ್ ಮಾಡಿರಲಿಲ್ಲ. ಗಾಡಿ ತನ್ನ ಪಾಡಿಗೆ ಉಬ್ಬಸ ಪಡುತ್ತ ನಿಂತಿತ್ತು. ಎಂಜಿನ್ ತೀರಾ ಇಳಿದದ್ದು ಕಂಡು ಡ್ರೈವರ್ ಆಕ್ಸಿಲೇಟರ್ ಒಂದು ಸಲ ಒತ್ತಿ ಬಿಟ್ಟ. ಏರಿದ ಎಂಜಿನ್ ಇಳಿಯಲಿಲ್ಲ. ಏರುತ್ತಲೇ ಹೋಯಿತು. ಬಾನೆಟ್ಟು ನಡುಗಿತು, ಸೈಲೆನ್ಸರಿನಿಂದ ಕರಿ ಹೊಗೆ ನುಗ್ಗಿತು, ಹೆಂಗಸರು ಬಿಂದಿಗೆ ಬಿಟ್ಟು ಓಡಿದರು. ಡ್ರೈವರ್ ಸ್ಟಾಪ್ ವೈರು ಎಳೆದ. ಗುಂಡಿಯ ಸಮೇತ ವೈರು ಅವನ ಕೈಗೇ ಬಂತು.

ಆಗ ಸಾಲಿನಿಂದ ಒಬ್ಬ ಮುದುಕ, ಖಾಕಿ ಚಡ್ಡಿ, ಬನಿಯನ್ನು, ಕಂಕುಳಲ್ಲಿ ಪ್ಲಾಸ್ಟಿಕ್ ಕೊಡ, ಏನೂ ಅವಸರ ಇಲ್ಲದವನ ಹಾಗೆ ಬಂದ. ಕೊಡ ಕೆಳಗಿಟ್ಟ. ಬಾನೆಟ್ ಎತ್ತಿ ಪಂಪಿನ ಹಿಂಬದಿಗೆ ಕೈ ತೂರಿಸಿ ಸ್ಟಾಪ್ ಲಿವರನ್ನು ಹೆಬ್ಬೆರಳಲ್ಲಿ ತಳ್ಳಿ ಹಿಡಿದ. ಎಂಜಿನ್ ಸತ್ತಿತು. ಆಮೇಲೆ ಏರ್ ಕ್ಲೀನರಿಗೂ ಮ್ಯಾನಿಫೋಲ್ಡಿಗೂ ನಡುವೆ ಇದ್ದ ಎರಕದ ತುಂಡಿನ ಲಿವರನ್ನು ಬೆರಳಿಂದ ಮೇಲೆ ಕೆಳಗೆ ಅಲುಗಿಸಿದ. ತಿರುಗಿಸಲಿಲ್ಲ, ಬರೀ ಅಲುಗಿಸಿದ. ಟಕ ಟಕ ಅಂತ ಸದ್ದು.

"ಪಂಪು ಅಲ್ಲ ತಂಬಿ," ಅಂದ. "ಗಂಟಲು ಹೋಗೈತೆ."

ಅವನು ಗಣಿಯ ವರ್ಕ್‌ಶಾಪಿನಲ್ಲಿ ಟರ್ನರ್ ಆಗಿದ್ದವನು. ಜನ್ಮವೆಲ್ಲ ಯಂತ್ರದ ಸದ್ದಿನಲ್ಲಿ ಕಳೆದು ಎಡಗಿವಿ ಪೂರ್ತಿ, ಬಲಗಿವಿ ಅರ್ಧ ಹೋಗಿತ್ತು. ಲೈನಿನವರೆಲ್ಲ ಅವನನ್ನು ಟರ್ನರ್ ತಾತ ಅನ್ನುತ್ತಿದ್ದರು.

ಗಂಟಲು ಅಂದರೇನು ಅಂತ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಪೆಟ್ರೋಲ್ ಗಾಡಿಗೆ ಥ್ರಾಟಲ್ ಬಾಡಿ ಇರುವುದು ಎಲ್ಲರಿಗೂ ಗೊತ್ತು. ಡೀಸೆಲ್ಲಿಗೆ ಸಾಮಾನ್ಯವಾಗಿ ಅದರ ಗೊಡವೆ ಇಲ್ಲ, ಗಾಳಿ ಎಷ್ಟು ಬೇಕೋ ಅಷ್ಟು ನುಗ್ಗುತ್ತದೆ, ಪಂಪು ಎಣ್ಣೆಯನ್ನು ಅಳೆದು ಕೊಡುತ್ತದೆ. ಆದರೆ ಆ ಕಾಲದ ಎಷ್ಟೋ ಡೀಸೆಲ್ ಎಂಜಿನ್ನುಗಳಲ್ಲಿ ಗಾಳಿಯ ಗವರ್ನರ್ ಇರುತ್ತಿತ್ತು. ಗಾಳಿ ಹೋಗುವ ದಾರಿಯಲ್ಲಿ ಒಂದು ಕಿರಿದಾದ ಗಂಟಲು, ಅದರೊಳಗೆ ಶಾಫ್ಟಿಗೆ ಕೂರಿಸಿದ ದುಂಡನೆಯ ತಟ್ಟೆ, ಅದೇ ಬಟರ್‌ಫ್ಲೈ. ಆಕ್ಸಿಲೇಟರ್ ಒತ್ತಿದಾಗ ನಿಮ್ಮ ಕಾಲು ತಿರುಗಿಸುವುದು ಆ ತಟ್ಟೆಯನ್ನು. ಡೀಸೆಲ್ಲಿಗೂ ನಿಮ್ಮ ಕಾಲಿಗೂ ನೇರ ಸಂಬಂಧವೇ ಇಲ್ಲ. ಗಂಟಲಿನ ಪಕ್ಕದಲ್ಲಿ ಒಂದು ಸಣ್ಣ ತೂತು. ಅಲ್ಲಿಂದ ಒಂದು ಪೈಪು ಪಂಪಿನ ಹಿಂದಿನ ಡಬ್ಬಿಗೆ ಹೋಗುತ್ತದೆ. ಡಬ್ಬಿಯೊಳಗೆ ಚರ್ಮದ ಡಯಾಫ್ರಂ, ಅದಕ್ಕೆ ಪಂಪಿನ ರ‍್ಯಾಕು ಕಟ್ಟಿದೆ. ತಟ್ಟೆ ಮುಚ್ಚಿಕೊಂಡಾಗ ಎಂಜಿನ್ ಗಾಳಿಗಾಗಿ ಜೋರಾಗಿ ಎಳೆಯುತ್ತದೆ. ಎಳನೀರಿನ ಕೊಳವೆಗೆ ಬೆರಳು ಅಡ್ಡ ಇಟ್ಟು ಹೀರಿದರೆ ಕೆನ್ನೆ ಒಳಕ್ಕೆ ಹೋಗುತ್ತದಲ್ಲ, ಹಾಗೆ ಡಯಾಫ್ರಂ ಒಳಕ್ಕೆ ಹೋಗಿ ರ‍್ಯಾಕನ್ನು ಎಳೆದುಕೊಳ್ಳುತ್ತದೆ, ಎಣ್ಣೆ ಕಡಿಮೆಯಾಗುತ್ತದೆ. ತಟ್ಟೆ ತೆರೆದರೆ ಎಳೆತ ಸಡಿಲಿ ಸ್ಪ್ರಿಂಗು ರ‍್ಯಾಕನ್ನು ಮುಂದಕ್ಕೆ ತಳ್ಳುತ್ತದೆ, ಎಣ್ಣೆ ಜಾಸ್ತಿ. ಎಂಜಿನ್ ತಾನಾಗಿ ವೇಗ ಹೆಚ್ಚಿಸಿಕೊಂಡರೆ ಎಳೆತವೂ ಹೆಚ್ಚಿ ಎಣ್ಣೆ ತಗ್ಗುತ್ತದೆ. ನನ್ನ ಲೆಕ್ಕದಲ್ಲಿ ಬಹಳ ಜಾಣತನದ ಏರ್ಪಾಡು ಅದು. ಒಂದೇ ಕೊರತೆ: ಎಳೆತ ಸೋರಿದರೆ ಸ್ಪ್ರಿಂಗಿಗೆ ಹೇಳುವವರು ಕೇಳುವವರು ಇಲ್ಲ, ರ‍್ಯಾಕು ಪೂರಾ ಎಣ್ಣೆಯ ಕಡೆಗೇ ಓಡುತ್ತದೆ.

ತಾತ ಅಲ್ಲೇ ಬೀದಿಯಲ್ಲೇ ಪರೀಕ್ಷೆ ಮಾಡಿ ತೋರಿಸಿದ. ಪಂಪಿನ ಕಡೆ ಪೈಪು ಬಿಚ್ಚಿದ. ಸ್ಟಾಪ್ ಲಿವರ್ ತಳ್ಳಿ ಹಿಡಿಯಲು ನನಗೆ ಹೇಳಿ ಡಬ್ಬಿಯ ಮೂತಿಗೆ ಹೆಬ್ಬೆರಳು ಒತ್ತಿ ಮುಚ್ಚಿದ. "ಈಗ ಬುಡು." ಬಿಟ್ಟೆ. ಲಿವರ್ ಒಂದಿಷ್ಟು ಹಿಂದಕ್ಕೆ ಬಂದು ಅಲ್ಲೇ ನಿಂತುಬಿಟ್ಟಿತು. ಬೆರಳು ತೆಗೆದ ಮೇಲೆ ಪೂರ್ತಿ ಬಂತು. ಚರ್ಮ ಹರಿದಿದ್ದರೆ ನಿಲ್ಲುತ್ತಿರಲಿಲ್ಲ. "ಡಯಾಫ್ರಂ ಉಸಿರು ಹಿಡೀತೈತೆ. ಪಂಪು ಚೆನ್ನಾಗೈತೆ. ಯಾಕೆ ಬಿಚ್ಚಿಸಿದ್ರಿ?" ಅಂದ. ಮಾವ ಅಲ್ಲಿರಲಿಲ್ಲ, ಪುಣ್ಯ.

ಗಂಟಲು ಬಿಚ್ಚಿ ಟ್ಯಾಂಕಿನ ನೀರಲ್ಲೇ ಒರೆಸಿ ನೋಡಿದೆವು. ಶಾಫ್ಟಿನ ಎರಡು ಕೊನೆಯೂ ಸವೆದು ನಡು ಮಾತ್ರ ದಪ್ಪ ಉಳಿದಿತ್ತು. ಸವೆದ ಭಾಗ ಕನ್ನಡಿಯಂತೆ ಹೊಳೆಯುತ್ತಿತ್ತು. ಶಾಫ್ಟು ಕೂರುವ ಎರಕದ ಕಿವಿಗಳ ತೂತು ದುಂಡಗಿರದೆ ಮೊಟ್ಟೆಯಾಕಾರಕ್ಕೆ ತಿರುಗಿತ್ತು. ಶಾಫ್ಟು ತಗ್ಗಿದ್ದರಿಂದ ತಟ್ಟೆಯ ಅಂಚು ಗೋಡೆಗೆ ಉಜ್ಜಿ ಉಜ್ಜಿ ಬೋರಿನಲ್ಲಿ ಒಂದು ಗೀರು ತೋಡಿತ್ತು. ಆ ಮಧ್ಯಾಹ್ನ ತಟ್ಟೆ ಕಚ್ಚಿಕೊಂಡದ್ದು ಆ ಗೀರಿನಲ್ಲೇ. ಕಾಲು ತೆಗೆದರೂ ಅದು ಮುಚ್ಚಲಿಲ್ಲ.

ಕಿವಿಯ ಸುತ್ತ ಬೂದು ಬಣ್ಣದ ಅಂಟು. ತಾತ ಅದನ್ನು ಎರಡು ಬೆರಳಲ್ಲಿ ಉಜ್ಜಿ ನನ್ನ ಅಂಗೈಗೆ ಬಳಿದ. ನುಣ್ಣಗೆ ಕಂಡರೂ ಉಜ್ಜಿದರೆ ಗರಗರ. "ಸೈನೈಡ್ ಮಣ್ಣು."

ಕೆಜಿಎಫ್ ನೋಡಿದವರಿಗೆ ಆ ದಿಬ್ಬಗಳು ಗೊತ್ತು. ಕಲ್ಲನ್ನು ಹಿಟ್ಟು ಮಾಡಿ ಸೈನೈಡಿನಿಂದ ಚಿನ್ನ ತೆಗೆದ ಮೇಲೆ ಉಳಿದ ಹುಡಿಯನ್ನು ನೂರಕ್ಕೂ ಹೆಚ್ಚು ವರ್ಷ ಊರ ನಡುವೆಯೇ ಸುರಿದರು. ಈಗ ಸಿನಿಮಾ ನೋಡಿ ಬಂದವರು ಅದರ ಮೇಲೆ ಹತ್ತಿ ಫೋಟೋ ಹೊಡೆಸಿಕೊಳ್ಳುತ್ತಾರೆ. ಆಷಾಢದ ಗಾಳಿ ಎದ್ದಾಗ ಅಲ್ಲಿನ ಮನೆಗಳಲ್ಲಿ ಅನ್ನದ ತಪ್ಪಲೆಗೆ ಬಟ್ಟೆ ಮುಚ್ಚುವುದನ್ನು ಅವರು ನೋಡಿರುವುದಿಲ್ಲ. ಏರ್ ಕ್ಲೀನರಿನ ಎಣ್ಣೆ ಬಟ್ಟಲು ತನ್ನ ಕಡೆಯಿಂದ ಬಂದ ಧೂಳನ್ನು ಹಿಡಿಯಿತು ಅಂತಲೇ ಇಟ್ಟುಕೊಳ್ಳಿ. ಆದರೆ ಕಿವಿಯ ತೂತು ಒಂದು ಕೂದಲೆಳೆ ಸಡಿಲವಾದರೆ ಸಾಕು, ಎಂಜಿನ್ ಅಲ್ಲಿಂದಲೂ ಗಾಳಿ ಎಳೆಯುತ್ತದೆ. ಆ ಗಾಳಿಗೆ ಕ್ಲೀನರ್ ಇಲ್ಲ. ಅದರ ಜೊತೆ ಬಂದ ಹುಡಿ ಕಿವಿಯನ್ನು ಇನ್ನಷ್ಟು ಸವೆಸುತ್ತದೆ, ಸವೆದಷ್ಟೂ ಹೆಚ್ಚು ಹುಡಿ. "ಮೊದಲು ಗಂಟಲು, ಆಮೇಲೆ ಲೈನರು, ಆಮೇಲೆ ಮನೆ" ಅಂತ ತಾತ ಲೆಕ್ಕ ಹಾಕಿಕೊಟ್ಟ.

ಹೊಸ ಬಾಡಿ ತರಲು ಬೆಂಗಳೂರಿಗೆ ನನ್ನನ್ನೇ ಕಳಿಸಿದರು. ಮಾರಿಕುಪ್ಪಂನಿಂದ ಬರುವ ಬೆಳಗಿನ ಗಾಡಿ ಬಂಗಾರಪೇಟೆ ಮುಟ್ಟುವಷ್ಟರಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹಳೇ ಗಂಟಲನ್ನು ವೈರ್ ಚೀಲದಲ್ಲಿ ಹಾಕಿಕೊಂಡು ಬಾಗಿಲ ಹತ್ತಿರ ನಿಂತೆ. ಚೀಲದ ಡೀಸೆಲ್ ವಾಸನೆಗೆ ಯಾರೂ ಮೂಗು ಮುಚ್ಚಲಿಲ್ಲ, ಕಾರ್ಖಾನೆಗೆ ಹೊರಟವರೇ ಎಲ್ಲ. ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ 1210 ಅಂದ ಕೂಡಲೇ ನಗು. ಒಬ್ಬರಂತೂ ಲಾರಿಯನ್ನೇ ಮಾರುತ್ತೀರಾ, ಹೋಟೆಲ್ ಮುಂದೆ ನಿಲ್ಲಿಸುವವರು ಇದ್ದಾರೆ ಅಂದರು. ಸಿಕ್ಕಿದ್ದು ಶಿವಾಜಿನಗರದ ಗುಜರಿಯಲ್ಲಿ, ಗೇರ್ ಬಾಕ್ಸುಗಳ ರಾಶಿಯ ಅಡಿಯಲ್ಲಿ. ಏನು ನೋಡಬೇಕು ಅಂತ ತಾತ ಮೊದಲೇ ಪಾಠ ಹೇಳಿದ್ದ. ಶಾಫ್ಟು ನೋಡಬೇಡ, ಅದನ್ನು ನಾನು ಮಾಡ್ತೀನಿ. ಬೋರು ಮಾಡೋಕಾಗಲ್ಲ. ಒಳಗೆ ಬೆರಳು ಹಾಕು, ಉಗುರಿಗೆ ಗೀರು ಸಿಕ್ಕರೆ ಅಲ್ಲೇ ಬಿಟ್ಟು ಬಾ. ತಟ್ಟೆ ಮುಚ್ಚಿ ಆಕಾಶಕ್ಕೆ ಹಿಡಿ, ಸುತ್ತ ಬೆಳಕು ಒಂದೇ ಸಮ ಸಣ್ಣಗೆ ಕಾಣಬೇಕು. ಗುಜರಿಯವನು ನಾನು ಆ ಎರಕವನ್ನು ಸೂರ್ಯನ ಕಡೆ ಹಿಡಿದು ತಿರುಗಿಸುವುದನ್ನು ಕಂಡು ಬೆಲೆ ಏರಿಸಿದ.

ಲೇತ್ ಕೆಲಸ ರಾತ್ರಿ. ಹಗಲು ಲೋಡ್ ಶೆಡ್ಡಿಂಗ್. ಶಿವನಸಮುದ್ರದಿಂದ 1902ರಲ್ಲಿ ಈ ಗಣಿಗೆ ಕರೆಂಟು ಬಂತು, ಬೆಂಗಳೂರಿನ ಬೀದಿದೀಪಕ್ಕೆ ಬರುವ ಮೂರು ವರ್ಷ ಮುಂಚೆ. ಆ ಊರಿನಲ್ಲಿ ಒಂದು ಬುಶ್ ಕಡೆಯಲು ಕರೆಂಟಿಗೆ ಕಾದು ಕೂತಿದ್ದೆವು. ಬಂದ ಮೇಲೆ ತಾತನ ಕೈ ನೋಡಬೇಕಿತ್ತು. ಮಾತಿಲ್ಲ, ಅವಸರವಿಲ್ಲ. ಎರಡು ಕಿವಿಯ ತೂತೂ ಒಂದೇ ಗೆರೆಯಲ್ಲಿ ಬರಬೇಕಾದ್ದರಿಂದ ಬಾಡಿಯನ್ನು ಒಂದೇ ಸಲ ಕಟ್ಟಿ, ಬಿಚ್ಚದೆ, ಎರಡನ್ನೂ ಒಟ್ಟಿಗೆ ಕೊರೆದ. ಗನ್‌ಮೆಟಲ್ ಸರಳಿನಿಂದ ಬುಶ್ ಕಡೆದು ವೈಸಿನಲ್ಲಿ ಒತ್ತಿ ಕೂರಿಸಿ, ಉದ್ದನೆಯ ರೀಮರನ್ನು ಎರಡರೊಳಗೂ ತೂರಿಸಿ ಕೈಯಲ್ಲೇ ತಿರುಗಿಸಿದ. ಹೊಸ ಶಾಫ್ಟು ಸಿಲ್ವರ್ ಸ್ಟೀಲಿನದು. ಮೈಕ್ರೋಮೀಟರ್ ಇಟ್ಟು ಅಳೆದು "ಒಂದು ಥೌ ಲೂಸು, ಸಾಕು" ಅಂದ, ಅಂದರೆ ಇಂಚಿನ ಸಾವಿರದಲ್ಲೊಂದು ಪಾಲು. ಎಣ್ಣೆ ಸವರಿ ಶಾಫ್ಟು ತೂರಿಸಿದರೆ ತನ್ನ ಭಾರಕ್ಕೇ ಮೆಲ್ಲಗೆ ಜಾರಿ ಇಳಿಯಿತು. ಹೊರಗಿನ ಕೊನೆಗೆ ಎಣ್ಣೆಯಲ್ಲಿ ನೆನೆಸಿದ ಫೆಲ್ಟ್ ಬಳೆ ಹಾಕಿದ. ಅದು ಕಂಪನಿಯ ನಕ್ಷೆಯಲ್ಲಿಲ್ಲ, ಕೆಜಿಎಫ್ ಗಾಳಿಗೆ ಬೇಕು.

ತಟ್ಟೆ ಕೂರಿಸುವಾಗ ಮಾತ್ರ ನನ್ನನ್ನು ದೀಪ ಹಿಡಿಯಲು ಕರೆದ. ಎರಡು ಸಣ್ಣ ಹಿತ್ತಾಳೆ ಸ್ಕ್ರೂ. ಮೊದಲು ಸಡಿಲವಾಗಿ ಹಾಕಿ, ತಟ್ಟೆ ಮುಚ್ಚಿ, ಅಂಚನ್ನು ಮರದ ಕಡ್ಡಿಯಿಂದ ತಟ್ಟಿ ತಟ್ಟಿ ಅದು ತಾನಾಗಿ ನಡುವಿಗೆ ಬಂದ ಮೇಲೆ ಬಿಗಿದ. ಆಮೇಲೆ ಸ್ಕ್ರೂವಿನ ಬಾಲವನ್ನು ಬಡಿದು ಚಪ್ಪಟೆ ಮಾಡಿದ, ಎಂದಿಗೂ ಬಿಚ್ಚದ ಹಾಗೆ. ಒಂದು ಸ್ಕ್ರೂ ಕಳಚಿ ಒಳಗೆ ಬಿದ್ದರೆ ಅದರ ಮುಂದಿನ ನಿಲ್ದಾಣ ಪಿಸ್ಟನ್ನು. ಗ್ಯಾಸ್ಕೆಟ್ಟಿಗೆ ನಮ್ಮ ಅಕ್ಕನ ಮದುವೆಯ ಕರೆಯೋಲೆ ಬಂತು. ಬಾಡಿಯ ಬಾಯಿಗೆ ಅದನ್ನು ಇಟ್ಟು ಬಾಲ್‌ಪೀನ್ ಸುತ್ತಿಗೆಯಲ್ಲಿ ಅಂಚನ್ನಷ್ಟೇ ಮೀಟಿದ. ವರನ ಹೆಸರು ಹೋಯಿತು, ಮುಹೂರ್ತ ಉಳಿಯಿತು.

ಮಾರನೆಯ ದಿನ ಬಂಗಾರಪೇಟೆಯಿಂದ ಮಾವನೂ ಬಂದ. ಗಂಟಲು ಕೂರಿಸಿ, ಬಿರುಕು ಬಿಟ್ಟಿದ್ದ ರಬ್ಬರ್ ಹೋಸು ಬದಲಾಯಿಸಿ, ಹೊಸ ಸ್ಟಾಪ್ ವೈರು ಎಳೆದು ಸ್ಟಾರ್ಟ್ ಮಾಡಿದರೆ ಎಂಜಿನ್ ಎರಡು ಸಲ ಗುಡುಗಿ ನಿಂತುಹೋಯಿತು. ಮತ್ತೆ ಹಾಗೇ. ಮಾವನ ಮುಖ ನೋಡುವ ಹಾಗಿರಲಿಲ್ಲ. ಇಷ್ಟು ದಿನ ಹಂಟಿಂಗ್ ತಡೆಯಲು ಸಿಕ್ಕಸಿಕ್ಕವರೆಲ್ಲ ತಿರುವಿದ್ದ ಆಕ್ಸಿಲೇಟರ್ ರಾಡು ಹಳೇ ರೋಗಕ್ಕೆ ತಕ್ಕಂತೆ ಹೊಂದಿಕೊಂಡಿತ್ತು. ಹೊಸ ಗಂಟಲು ಸರಿಯಾಗಿ ಎಳೆದ ಕೂಡಲೇ ಎಣ್ಣೆ ತೀರಾ ಕಡಿಮೆಯಾಗಿ ಎಂಜಿನ್ ಸಾಯುತ್ತಿತ್ತು. ತಾತ ರಾಡು ಬಿಚ್ಚಿ, ಐಡ್ಲಿಂಗ್ ಸ್ಕ್ರೂ ಮೊದಲಿನಿಂದ ಹಿಡಿದು ಬಂದ. ಕಿವಿ ಕೇಳದಿದ್ದವನು ಐಡ್ಲಿಂಗ್ ಹೇಗೆ ಹೊಂದಿಸುತ್ತಾನೆ ಅಂತ ನನಗೆ ಕುತೂಹಲ. ಎಡಗೈಯ ಅಂಗೈಯನ್ನು ಮಡ್‌ಗಾರ್ಡಿನ ಮೇಲೆ ಚಪ್ಪಟೆ ಇಟ್ಟು, ಕಣ್ಣು ರಸ್ತೆಯ ಕಡೆ, ಬಲಗೈಯಲ್ಲಿ ಸ್ಕ್ರೂಡ್ರೈವರ್. ಕಾಲು ಸುತ್ತು ಮುಂದೆ, ಒಂದಿಷ್ಟು ಹಿಂದೆ. ಡ್ರೈವರ್ "ಇನ್ನೂ ಜಾಸ್ತಿ, ಇನ್ನೂ ಜಾಸ್ತಿ" ಅಂತ ಕಿರುಚುತ್ತಿದ್ದ. ಅದು ಅವನಿಗೆ ಕೇಳಿಸಲೇ ಇಲ್ಲ, ಆದ್ದರಿಂದ ಕೆಲಸ ಕೆಡಲಿಲ್ಲ. ಎಂಜಿನ್ ಒಂದೇ ಸಮನೆ ಓಡತೊಡಗಿತು. ಆ ಸದ್ದು ಕೇಳಿ ಎಷ್ಟೋ ತಿಂಗಳಾಗಿತ್ತು.

ತುಂಬಿದ ಟ್ಯಾಂಕು ಹೊತ್ತು ಬಂಗಾರಪೇಟೆ ರಸ್ತೆಯಲ್ಲಿ ಬೆಮೆಲ್ ನಗರ ದಾಟುವವರೆಗೂ ಹೋಗಿ ಬಂದೆವು. ಕಾಲು ತೆಗೆದರೆ ಗಾಡಿ ಕೂಡಲೇ ತಗ್ಗುತ್ತಿತ್ತು. ಡ್ರೈವರ್ ಬೇಕೆಂದೇ ಒತ್ತುವುದು, ಬಿಡುವುದು ಮಾಡಿ ಹಲ್ಲು ಬಿಟ್ಟ.

ದುಡ್ಡು ಎಷ್ಟು ಅಂದರೆ ತಾತ ಆಗಲೇ ತೆಗೆದುಕೊಳ್ಳಲಿಲ್ಲ. ಆಷಾಢದ ಗಾಳಿ ಮುಗಿಯಲಿ, ಆಮೇಲೆ ಬನ್ನಿ, ಪ್ಲೇ ಬಂದಿದ್ದರೆ ಒಂದು ಪೈಸೆ ಬೇಡ ಅಂದ. ಅಲ್ಲಿಯವರೆಗೆ ವಾರಕ್ಕೊಮ್ಮೆ ಏರ್ ಕ್ಲೀನರಿನ ಎಣ್ಣೆ ಬದಲಾಯಿಸಬೇಕು ಅಂತ ಕರಾರು. ಮಾವ ಹೂಂ ಅಂದ. ಡ್ರೈವರೂ ಹೂಂ ಅಂದ.

ಶ್ರಾವಣದಲ್ಲಿ ಲಾರಿ ಅವನ ಶೆಡ್ ಮುಂದೆ ನಿಂತಿತು. ಅವನು ಲಿವರನ್ನು ಬೆರಳಲ್ಲಿ ಅಲುಗಿಸಿದ. ಸದ್ದಿಲ್ಲ. ಫೆಲ್ಟ್ ಬಳೆ ಬೂದಿ ಬಣ್ಣಕ್ಕೆ ತಿರುಗಿತ್ತು, ಅದರಾಚೆ ಶಾಫ್ಟು ಹೊಳೆಯುತ್ತ ಒದ್ದೆಯಾಗಿತ್ತು. ಆಮೇಲೆ ಏರ್ ಕ್ಲೀನರಿನ ಬಟ್ಟಲು ಬಿಚ್ಚಿದ. ತಳದಲ್ಲಿ ಎಣ್ಣೆಯ ಬದಲು ಬೆರಳು ಮುಳುಗುವಷ್ಟು ಗಟ್ಟಿ ಕೆಸರು. ಆ ಬಟ್ಟಲನ್ನು ಮಾವನ ಮೂಗಿನ ಹತ್ತಿರ ಹಿಡಿದು ತಮಿಳಿನಲ್ಲಿ ಬೈಯಲು ಶುರು ಮಾಡಿದವನು ಬುಶ್ಶಿನ ದುಡ್ಡು, ಲೇತಿನ ದುಡ್ಡು, ಅದರ ಮೇಲೆ ಬಟ್ಟಲು ತೊಳೆದ ದುಡ್ಡು ಎಣಿಸಿಕೊಂಡ ಮೇಲೇ ನಿಲ್ಲಿಸಿದ್ದು. ಹೊರಡುವ ಮುಂಚೆ ಮಾವ ಆಸೆಯಿಂದ, "ಹಂಗೇ ಸೆಲ್ಫ್ ಮೋಟರೂ ಒಂದ್ಸಲ ನೋಡ್ತೀರಾ?" ಅಂದ. ಕೇಳಿದ್ದು ಎಡಗಿವಿಯ ಕಡೆಯಿಂದ.

"ಹೂಂ," ಅಂದ ತಾತ, "ನಾಳೆಯಿಂದ ನಮ್ಮ ಲೈನಿಗೆ ಎರಡು ಕೊಡ ಜಾಸ್ತಿ ಬುಡು."